ಒಂದೇ ಕಾರ್ಡಾ, ಜೋಡಿ ಕಾರ್ಡಾ: ದಾವಣಗೆರೆ ಬೇಸಿಗೆಯಲ್ಲಿ ಮಾಡಿ ನೋಡಿದ್ದು

2022ರ ಸೆಪ್ಟೆಂಬರ್ 15ಕ್ಕೆ ಕಂಪ್ಯೂಟರ್ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್‌ಗಳನ್ನು ದುಡಿಸಿ ಈಥೀರಿಯಂ ಅನ್ನುವ ಡಿಜಿಟಲ್ ಹಣ ಗಳಿಸುವ ಮೈನಿಂಗ್ ನಿಂತಿತು. ಅಲ್ಲಿಂದ ಮುಂದೆ ಹಳೇ ಗ್ರಾಫಿಕ್ಸ್ ಕಾರ್ಡ್‌ಗಳ ರೇಟು ಇಳಿಯುತ್ತಲೇ ಹೋಯಿತು. ವರ್ಷಗಟ್ಟಲೆ ಆಸೆಪಟ್ಟು ಸುಮ್ಮನಾಗಿದ್ದ ಜಿಟಿಎಕ್ಸ್ 1080 ಟಿಐ ನನ್ನ ಕೈಗೆ ಬಂದದ್ದು ಆಗಲೇ. 2017ರ ಮಾರ್ಚ್‌ನಲ್ಲಿ 699 ಡಾಲರ್‌ಗೆ ಬಿಡುಗಡೆಯಾದ ಕಾರ್ಡ್ ಅದು. 3,584 ಕೋರ್, 11 ಜಿಬಿ ಮೆಮೊರಿ, 250 ವ್ಯಾಟ್. ಹಳೆಯದಾದರೂ 1440ಪಿ (2560×1440 ಚುಕ್ಕಿಗಳ) ಮಾನಿಟರ್ ಮುಂದೆ ಧೈರ್ಯವಾಗಿ ಕೂರಬಹುದು. ಅಷ್ಟು ಗಟ್ಟಿ ಕಾರ್ಡ್.

ಹದಡಿ ರಸ್ತೆಯಲ್ಲಿ ನನ್ನ ಗೆಳೆಯನ ಆಫೀಸಿದೆ. ಮನೆ ಕಟ್ಟಿಸುವವರಿಗೆ ತ್ರೀಡಿ ಎಲಿವೇಷನ್ ಮಾಡಿಕೊಡುತ್ತಾನೆ. ಅವನ ಹತ್ತಿರವೂ ಅದೇ ಕಂಪನಿಯ, ಅದೇ ಮಾಡೆಲ್‌ನ 1080 ಟಿಐ ಇತ್ತು. ಹೊಸದಾಗಿ ಆರ್‌ಟಿಎಕ್ಸ್ 3060 ತಗೊಂಡಿದ್ದ.

"ಲೇ, ಹಳೇದು ಸುಮ್ನೆ ಬಿದ್ದೈತಿ, ನೀನೇ ಇಟ್ಕೋ. ಎರಡೂ ಸೇರಿಸಿ ಹಾಕಿದ್ರೆ ನನ್ನ ಹೊಸಾದಕ್ಕಿಂತ ಜೋರು ಓಡ್ತಾವೆ. ಮೊದ್ಲು ಹಾಕಿ ನೋಡು, ರೊಕ್ಕದ ಮಾತು ಆಮೇಲೆ" ಅಂದ.

ಪಿಸಿ ಗೇಮ್ ಆಡುವವರ ನಡುವೆ ಇದು ಹಳೇ ವಾದ. ಇರುವ ದೊಡ್ಡ ಕಾರ್ಡನ್ನೇ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟದ್ದಕ್ಕಿಂತ ವೇಗ ಏರಿಸಿ, ಜಾಸ್ತಿ ಕೆಲಸ ತೆಗೆಯುವುದಾ, ಅಥವಾ ಇನ್ನೊಂದು ತಂದು ಎರಡನ್ನೂ ಒಂದೇ ಆಟಕ್ಕೆ ದುಡಿಸುವ ಎಸ್‌ಎಲ್‌ಐ ಜೋಡಿ ಮಾಡುವುದಾ? ಎರಡನ್ನೂ ಒಂದೇ ಸಿಸ್ಟಮ್‌ನಲ್ಲಿ, ಒಂದೇ ರೂಮಿನಲ್ಲಿ ಮಾಡಿ ನೋಡುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ. ಗೆಳೆಯನಿಗೆ ಹೂಂ ಅಂದೆ. ಆದರೆ ಒಂದು ಷರತ್ತು ಹಾಕಿಕೊಂಡೆ. ಮೊದಲು ನನ್ನ ಒಂದು ಕಾರ್ಡ್ ಎಷ್ಟು ದೂರ ಹೋಗುತ್ತದೆ ಅಂತ ಪೂರ್ತಿ ನೋಡಬೇಕು. ಆಮೇಲೆ ಜೋಡಿ.

ರೂಮಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಮ್ಮ ಮನೆ ನಿಟ್ಟುವಳ್ಳಿಯಲ್ಲಿ. ಸಿಸ್ಟಮ್ ಇರುವುದು ಮಹಡಿ ಮೇಲಿನ ರೂಮಿನಲ್ಲಿ. ಅದರ ಮೇಲೆ ಬರೀ ತಾರಸಿ. ಏಪ್ರಿಲ್‌ನಲ್ಲಿ ನಮ್ಮೂರಿನ ಮಧ್ಯಾಹ್ನ 38 ಡಿಗ್ರಿ ಮುಟ್ಟುತ್ತದೆ. ಹಗಲೆಲ್ಲ ಕಾದ ತಾರಸಿ ರಾತ್ರಿ ಹತ್ತಾದರೂ ತಣ್ಣಗಾಗುವುದಿಲ್ಲ. ನಾನು ಆಡಲು ಕೂರುವ ಹೊತ್ತಿಗೆ ರೂಮಿನಲ್ಲೇ 33, 34 ಡಿಗ್ರಿ ಇರುತ್ತದೆ. ಏಸಿ ಇಲ್ಲ. ಇಂಗ್ಲಿಷ್ ರಿವ್ಯೂಗಳಲ್ಲಿ ಕಾರ್ಡ್ 70 ಡಿಗ್ರಿಯಲ್ಲಿ ಓಡಿತು ಅಂತ ಓದಿದರೆ, ಅಲ್ಲಿನ ರೂಮು 22 ಡಿಗ್ರಿ ಇತ್ತು ಅನ್ನುವುದನ್ನು ನೆನಪಿಡಬೇಕು. ಆ ವ್ಯತ್ಯಾಸವಿಡೀ ನಮ್ಮ ಕಾರ್ಡಿನ ತಲೆ ಮೇಲೆ ಕೂರುತ್ತದೆ.

ಸಿಸ್ಟಮ್ ಬಗ್ಗೆ ಎರಡು ಮಾತು ಸಾಕು. ಐ7 8700ಕೆ ಪ್ರೊಸೆಸರ್, ಝಡ್370 ಮದರ್‌ಬೋರ್ಡ್, 650 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ), 144 ಹರ್ಟ್ಜ್ ಮಾನಿಟರ್. ಮದರ್‌ಬೋರ್ಡ್ ಝಡ್ ಸರಣಿಯದ್ದು ಅನ್ನುವುದು ಇಲ್ಲಿ ಮುಖ್ಯ. ಪ್ರೊಸೆಸರ್‌ನಿಂದ ಕಾರ್ಡಿಗೆ ಬರುವ 16 ಲೇನ್‌ಗಳನ್ನು (ಡೇಟಾ ಓಡುವ ದಾರಿಗಳನ್ನು) ಎಂಟೆಂಟಾಗಿ ಎರಡು ಸ್ಲಾಟ್‌ಗೆ ಹಂಚುವುದು ಇಂಥ ಬೋರ್ಡ್‌ನಲ್ಲಿ ಮಾತ್ರ ಆಗುತ್ತದೆ. ಕಡಿಮೆ ರೇಟಿನ ಬಿ ಸರಣಿ ಬೋರ್ಡ್‌ನಲ್ಲಿ ಎರಡು ಉದ್ದ ಸ್ಲಾಟ್ ಕಂಡರೂ ಎಸ್‌ಎಲ್‌ಐ ನಡೆಯುವುದಿಲ್ಲ.

ಓವರ್‌ಕ್ಲಾಕ್‌ಗೆ ಕೈ ಹಾಕುವ ಮುಂಚೆ ಕಾರ್ಡ್ ಬಿಚ್ಚಿದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಂಡವರು ಈ ಕೆಲಸ ಬಿಡಲೇಬಾರದು. ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಧೂಳು ಹೆಪ್ಪುಗಟ್ಟಿತ್ತು. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಒರೆಸಲು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಬೇಕು. ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಅದೇ ಹೆಸರಲ್ಲಿ ಕೇಳಿದರೆ ಸಿಗುತ್ತದೆ. ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡ್‌ಗಳೂ ಎಣ್ಣೆ ಬಿಟ್ಟುಕೊಂಡು ಮೆತ್ತಗಾಗಿದ್ದವು. ಅವನ್ನು ಬದಲಿಸುವಾಗ ದಪ್ಪ ಸರಿಯಾಗಿ ಹೊಂದಬೇಕು. ಅರ್ಧ ಮಿಲಿಮೀಟರ್ ದಪ್ಪವಾದರೆ ಹೀಟ್‌ಸಿಂಕ್ ಚಿಪ್ ಮೇಲೆ ಕೂರುವುದಿಲ್ಲ. ಪರಿಚಯದ ಲೇತ್ ಅಂಗಡಿಯಿಂದ ವರ್ನಿಯರ್ ಇಸಿದುಕೊಂಡು ಅಳೆದೆ. ಪ್ಯಾಡ್‌ಗಳು ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಬಸ್ ಪಾರ್ಸೆಲ್‌ನಲ್ಲಿ ಬಂದವು. ಇಷ್ಟು ಮಾಡಿದ ಮೇಲೆ, ಮೊದಲು 84ಕ್ಕೆ ಹೋಗಿ ನಿಲ್ಲುತ್ತಿದ್ದ ಕಾರ್ಡ್ 76ರಲ್ಲಿ ನಿಂತಿತು. ಒಂದು ಸ್ಲೈಡರ್ ಕೂಡ ಮುಟ್ಟದೆ ಎಂಟು ಡಿಗ್ರಿ ಲಾಭ.

ಓವರ್‌ಕ್ಲಾಕ್ ಅಂದರೆ ಕಾರ್ಡ್ ಸುಟ್ಟುಹೋಗುತ್ತದೆ ಅಂತ ಹೆದರುವವರು ಇನ್ನೂ ಇದ್ದಾರೆ. ಈ ತಲೆಮಾರಿನ ಕಾರ್ಡ್‌ಗಳಲ್ಲಿ ಅಷ್ಟು ಭಯ ಬೇಡ. ವೋಲ್ಟೇಜ್‌ಗೆ ಚಿಪ್ ಮಾಡುವ ಎನ್‌ವಿಡಿಯಾದವರೇ ಬೀಗ ಹಾಕಿದ್ದಾರೆ. ಸಾಫ್ಟ್‌ವೇರ್‌ನಲ್ಲಿ ಎಷ್ಟು ಎಳೆದರೂ 1.093 ವೋಲ್ಟ್ ದಾಟುವುದಿಲ್ಲ. ಬಿಸಿ ಮಿತಿ ಮುಟ್ಟಿದರೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹೆಚ್ಚೆಂದರೆ ಆಟ ನಿಲ್ಲುತ್ತದೆ, ಕಾರ್ಡ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಮತ್ತೆ ಶುರುವಾಗುತ್ತದೆ. ನಾವು ಒಂದು ಹೆಜ್ಜೆ ಹಿಂದೆ ಬರುತ್ತೇವೆ.

ಓವರ್‌ಕ್ಲಾಕ್ ಮಾಡುವ ಸಾಫ್ಟ್‌ವೇರ್ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಂಡೆ. ಬೇರೆ ಕಂಪನಿ ಕಾರ್ಡ್‌ಗೂ ಅದು ನಡೆಯುತ್ತದೆ. ಮೊದಲು ಪವರ್ ಲಿಮಿಟ್ ಸ್ಲೈಡರ್ ಪೂರ್ತಿ ಬಲಕ್ಕೆ. ನನ್ನ ಕಾರ್ಡ್‌ನಲ್ಲಿ ಅದು 120 ಪರ್ಸೆಂಟ್, ಅಂದರೆ 300 ವ್ಯಾಟ್. ಆಮೇಲೆ ಕೋರ್ ಕ್ಲಾಕ್ (ಚಿಪ್‌ನ ವೇಗ) 25 ಮೆಗಾಹರ್ಟ್ಜ್ ಏರಿಸುವುದು, ಯೂನಿಜಿನ್ ಸೂಪರ್‌ಪೊಸಿಷನ್ ಅನ್ನುವ ಪರೀಕ್ಷೆ ಓಡಿಸಿ ಸ್ಕೋರು ನೋಡುವುದು, ಕೆಡದಿದ್ದರೆ ಮತ್ತೆ 25. ಮೆಮೊರಿಯನ್ನು ಇದರ ಜೊತೆ ಮುಟ್ಟಬಾರದು. ಎರಡನ್ನೂ ಒಟ್ಟಿಗೆ ಏರಿಸಿದರೆ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ.

ಕೋರ್ ಮತ್ತು ಮೆಮೊರಿ ಸೋಲುವ ರೀತಿ ಬೇರೆ ಬೇರೆ. ಕೋರ್ ಜಾಸ್ತಿಯಾದರೆ ಪರದೆ ಒಂದು ಕ್ಷಣ ನಿಂತು, ಕಪ್ಪಾಗಿ, ಆಟ ಮುಚ್ಚಿಹೋಗುತ್ತದೆ. ಮೆಮೊರಿ ಜಾಸ್ತಿಯಾದರೆ ಪರದೆ ಮೇಲೆ ಬಣ್ಣದ ಚುಕ್ಕಿಗಳು, ಚೌಕಗಳು ಮಿಂಚುತ್ತವೆ. ಅದಕ್ಕೂ ಮುಂಚಿನ ಹಂತ ಒಂದಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ಏನೂ ಕೆಟ್ಟಂತೆ ಅನಿಸುವುದಿಲ್ಲ, ಆದರೆ ಸ್ಕೋರು ಏರುವ ಬದಲು ಇಳಿಯಲು ಶುರುವಾಗುತ್ತದೆ. ಹಾಗಾಗಿ ಪ್ರತಿ ಹೆಜ್ಜೆಗೂ ಸ್ಕೋರು ಬರೆದಿಡಬೇಕು. ನಾನು ಹಳೇ ನೋಟ್‌ಬುಕ್ ಒಂದನ್ನು ಇದಕ್ಕೇ ಇಟ್ಟುಕೊಂಡೆ. ಒಂದು ಪುಟದಲ್ಲಿ ಕೋರ್, ಎದುರು ಪುಟದಲ್ಲಿ ಮೆಮೊರಿ, ಮೇಲೆ ಆ ಹೊತ್ತಿನ ರೂಮಿನ ಬಿಸಿ.

ಕೊನೆಗೆ ಕೋರ್ 1,911ರಿಂದ 2,025 ಮೆಗಾಹರ್ಟ್ಜ್‌ಗೆ ಬಂತು. ಮೆಮೊರಿ 450 ಮೆಗಾಹರ್ಟ್ಜ್ ಏರಿತು, ಅಂದರೆ ಸುಮಾರು 8 ಪರ್ಸೆಂಟ್. ಶ್ಯಾಡೋ ಆಫ್ ದ ಟೂಂಬ್ ರೇಡರ್ ಆಟದಲ್ಲೇ ಇರುವ, ವೇಗ ಅಳೆಯುವ ಬೆಂಚ್‌ಮಾರ್ಕ್‌ನಲ್ಲಿ 80ರ ಆಸುಪಾಸು ಇದ್ದ ಫ್ರೇಮ್ ರೇಟ್ (ಸೆಕೆಂಡಿಗೆ ಬಿಡಿಸುವ ಚಿತ್ರಗಳು) 86 ಮುಟ್ಟಿತು. ಸೈಬರ್‌ಪಂಕ್ 2077ರಲ್ಲಿ 45 ಇದ್ದದ್ದು 48. ದುಡ್ಡು ಖರ್ಚಿಲ್ಲದೆ ಸಿಕ್ಕಿದ್ದು ಅಂತ ನೋಡಿದರೆ ಖುಷಿ. ಕಣ್ಣಿಗೆ ಕಾಣುತ್ತದಾ ಅಂದರೆ, ಮೊದಲೇ ಚೆನ್ನಾಗಿ ಓಡುವ ಆಟದಲ್ಲಿ ಕಾಣುವುದಿಲ್ಲ, ಒದ್ದಾಡುವ ಆಟದಲ್ಲಿ ಸ್ವಲ್ಪ ಕಾಣುತ್ತದೆ.

ಆದರೆ 2,025 ಅನ್ನುವ ನಂಬರ್ ನಿಲ್ಲಲಿಲ್ಲ. ಆಟ ಶುರುವಾದ ಹತ್ತು ನಿಮಿಷ ಇರುತ್ತದೆ. ಆಮೇಲೆ 2,012, 2,000, 1,987. ಇದು ಕಾರ್ಡಿನ ದೋಷ ಅಲ್ಲ. ವೇಗವನ್ನು ತಾನೇ ಹೊಂದಿಸುವ ಜಿಪಿಯು ಬೂಸ್ಟ್ ಕೆಲಸ ಮಾಡುವುದೇ ಹಾಗೆ. ಬಿಸಿ ಏರಿದಂತೆಲ್ಲ ಸುಮಾರು 13 ಮೆಗಾಹರ್ಟ್ಜ್‌ನ ಮೆಟ್ಟಿಲುಗಳಲ್ಲಿ ವೇಗ ಇಳಿಯುತ್ತಾ ಬರುತ್ತದೆ. ಅದೇ ಸೆಟ್ಟಿಂಗ್ ಬೆಳಗಿನ ಜಾವ ಐದಕ್ಕೆ ಓಡಿಸಿದರೆ ಎರಡು ಮೆಟ್ಟಿಲು ಮೇಲೆ ನಿಲ್ಲುತ್ತಿತ್ತು. ಫ್ಯಾನ್‌ಗಳನ್ನು ಪೂರ್ತಿ ಓಡಿಸಿದರೆ ಸದ್ದು ಹೆಡ್‌ಫೋನ್ ದಾಟಿ ಕಿವಿಗೆ ಬರುತ್ತಿತ್ತು. 300 ವ್ಯಾಟ್ ಎಳೆಯುತ್ತಿದ್ದ ಕಾರ್ಡ್ ಅಷ್ಟನ್ನೂ ರೂಮಿಗೇ ಬಿಡುತ್ತದೆ. ರೂಮು ಕಾದಷ್ಟೂ ಕಾರ್ಡ್ ಕಾಯುತ್ತದೆ.

ಇಷ್ಟಾದ ಮೇಲೆ ಗೆಳೆಯನ ಕಾರ್ಡ್ ತಂದೆ. ಎಸ್‌ಎಂಪಿಎಸ್ ಕೂಡ ಅವನದೇ, 850 ವ್ಯಾಟ್‌ನದ್ದು. ಕಾರ್ಡ್‌ಗಳನ್ನು ಜೋಡಿಸುವ ಎಚ್‌ಬಿ ಬ್ರಿಜ್ ಅವನ ಮದರ್‌ಬೋರ್ಡ್ ಬಾಕ್ಸ್‌ನಲ್ಲಿ ಬಿಚ್ಚದ ಕವರಿನಲ್ಲೇ ಇತ್ತು. ಇಂಜಿನಿಯರಿಂಗ್ ಓದುತ್ತಿರುವ ಚಿಕ್ಕಪ್ಪನ ಮಗ ಸಹಾಯಕ್ಕೆ ಬಂದ. ಬರುವಾಗ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ. ಎಣ್ಣೆ ಕೈಯಲ್ಲಿ ಕಾರ್ಡ್ ಮುಟ್ಟಬಾರದು ಅಂತ ತಿಂದು, ಕೈ ತೊಳೆದು, ಒರೆಸಿಕೊಂಡೇ ಕೂತೆವು.

"ಅಣ್ಣಾ, 11ಕ್ಕೆ 11 ಸೇರಿ 22 ಜಿಬಿ ಆಗ್ತೈತಲ್ಲ?" ಅಂತ ಕೇಳಿದ.

"ಇಲ್ಲಪ್ಪ, 11ಕ್ಕೇ ನಿಲ್ತೈತಿ."

ಅವನಿಗೆ ನಂಬಿಕೆ ಬರಲಿಲ್ಲ. ವಿವರಿಸಿ ಹೇಳಿದೆ. ಎಸ್‌ಎಲ್‌ಐನಲ್ಲಿ ಒಂದು ಫ್ರೇಮನ್ನು ಮೇಲಿನ ಕಾರ್ಡ್ ಬಿಡಿಸುತ್ತದೆ, ಮುಂದಿನದನ್ನು ಕೆಳಗಿನ ಕಾರ್ಡ್. ಎರಡೂ ಅದೇ ಊರು, ಅದೇ ಗೋಡೆ, ಅದೇ ಮರ ಬಿಡಿಸಬೇಕು. ಹಾಗಾಗಿ ಆಟದ ಸಾಮಾನೆಲ್ಲ ಎರಡರ ಮೆಮೊರಿಯಲ್ಲೂ ಪ್ರತಿ ಆಗಿ ಇರಬೇಕು. ಮೆಮೊರಿ ಸಾಲದ ಆಟಕ್ಕೆ ಎರಡನೇ ಕಾರ್ಡ್‌ನಿಂದ ಏನೂ ಉಪಯೋಗ ಇಲ್ಲ.

ಕೂರಿಸುವಾಗಲೇ ಕಷ್ಟ ಗೊತ್ತಾಯಿತು. ಎರಡೂ ಮೂರು ಫ್ಯಾನಿನ ದಪ್ಪ ಕಾರ್ಡ್‌ಗಳು. ಮೇಲಿನ ಕಾರ್ಡಿನ ಫ್ಯಾನ್‌ಗೂ ಕೆಳಗಿನದರ ಬೆನ್ನಿಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿಯಿತು. ಕೆಳಗಿನದು ಕಾಯಿಸಿದ ಗಾಳಿಯನ್ನೇ ಮೇಲಿನದು ಎಳೆದುಕೊಳ್ಳಬೇಕು. ಬ್ರಿಜ್ ಹಾಕಿ, ಕೇಬಲ್ ಹಾಕಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎಸ್‌ಎಲ್‌ಐ ಆನ್ ಮಾಡಿದೆ. ಪರದೆ ಒಮ್ಮೆ ಆರಿ ಹೊತ್ತಿಕೊಂಡಿತು. ಎರಡೂ ಕಾರ್ಡ್ ಕಂಡವು.

ಟೂಂಬ್ ರೇಡರ್ ಬೆಂಚ್‌ಮಾರ್ಕ್ ಓಡಿಸಿದೆ. 130ರ ಹತ್ತಿರ! ಚಿಕ್ಕಪ್ಪನ ಮಗ ಕುರ್ಚಿಯಿಂದ ಎದ್ದೇಬಿಟ್ಟ. ನನಗೂ ಮೈ ಜುಮ್ ಅಂದಿತು. ವಾರಗಟ್ಟಲೆ ಸ್ಲೈಡರ್ ಎಳೆದು ಆರು ಫ್ರೇಮ್ ಗಳಿಸಿದವನಿಗೆ ಒಂದೇ ಸಂಜೆಯಲ್ಲಿ ಐವತ್ತು ಸಿಕ್ಕಿದರೆ ಹೇಗಿರಬೇಡ? ಆಟ ಮತ್ತು ಕಾರ್ಡ್ ನಡುವೆ ಮಾತಾಡಿಸುವ ಡೈರೆಕ್ಟ್‌ಎಕ್ಸ್ 12ರಲ್ಲಿ ಎರಡು ಕಾರ್ಡ್‌ಗಳಿಗೆ ಕೆಲಸ ಹಂಚುವುದನ್ನು ಆ ಆಟ ಮಾಡಿದವರು ಶ್ರದ್ಧೆಯಿಂದ ಬರೆದಿದ್ದಾರೆ. 4ಕೆಗೆ ಏರಿಸಿ ನೋಡಿದಾಗ ಲಾಭ ಇನ್ನೂ ಜಾಸ್ತಿಯಾಯಿತು, ಏಕೆಂದರೆ ಆಗ ಪ್ರೊಸೆಸರ್ ಅಡ್ಡ ಬರುವುದಿಲ್ಲ.

ಮುಂದೆ ವಿಚರ್ 3 ಹಾಕಿದೆವು, 2022ರ ಡಿಸೆಂಬರ್‌ನ ದೊಡ್ಡ ಅಪ್‌ಡೇಟ್ ಹಾಕದ ಹಳೇ ಆವೃತ್ತಿ. ಇಲ್ಲೂ ನಂಬರ್ ಚೆನ್ನಾಗಿ ಏರಿತು. ಆದರೆ ಕುದುರೆ ಹತ್ತಿ ಊರೊಳಗೆ ಓಡಿಸುವಾಗ ಏನೋ ಸರಿ ಇಲ್ಲ ಅನಿಸಿತು. ಮೂಲೆಯಲ್ಲಿ 100 ಅಂತ ತೋರಿಸುತ್ತಿದೆ, ಕೈಗೆ ಅಷ್ಟು ನಯ ಸಿಗುತ್ತಿಲ್ಲ. ತಮ್ಮನಿಗೆ ಮೌಸ್ ಕೊಟ್ಟೆ. "ಮೊದ್ಲಿಗಿಂತ ಜಾಸ್ತಿ ಐತಿ, ಆದ್ರೂ ಎಳೆದಂಗ ಆಗ್ತೈತಿ" ಅಂದ.

ಆಫ್ಟರ್‌ಬರ್ನರ್ ಜೊತೆ ಬರುವ ರಿವಾಟ್ಯೂನರ್‌ನಲ್ಲಿ ಫ್ರೇಮ್ ಟೈಮ್ ಗ್ರಾಫ್ ಹಾಕಿದ ಮೇಲೆ ವಿಷಯ ಬಯಲಾಯಿತು. ಒಂದು ಕಾರ್ಡ್ ಇದ್ದಾಗ ಆ ಗೆರೆ ಹೆಚ್ಚು ಕಡಿಮೆ ಸಪಾಟಾಗಿ ಹೋಗುತ್ತದೆ. ಎರಡು ಹಾಕಿದಾಗ ಹಲ್ಲುಹಲ್ಲಾಗಿತ್ತು. ಲೆಕ್ಕ ನೋಡಿ. ಸೆಕೆಂಡಿಗೆ 60 ಫ್ರೇಮ್ ಅಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್. ಒಂದು ಫ್ರೇಮ್ 10ಕ್ಕೆ ಬಂದು ಮುಂದಿನದು 23ಕ್ಕೆ ಬಂದರೂ ಸರಾಸರಿ ಅಷ್ಟೇ ಆಗುತ್ತದೆ, ಮೂಲೆಯಲ್ಲಿ 60 ಅಂತಲೇ ತೋರಿಸುತ್ತದೆ. ಕಣ್ಣಿಗೆ ತಟ್ಟುವುದು ಮಾತ್ರ ಆ 23. ಅದು ಸೆಕೆಂಡಿಗೆ 43 ಫ್ರೇಮಿನ ಓಟ. ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಎರಡು ಕಾವಲಿ ಇಟ್ಟುಕೊಂಡು ಎರಡರಿಂದಲೂ ಒಟ್ಟಿಗೇ ದೋಸೆ ಎಬ್ಬಿಸಿದರೆ ಗಂಟೆಯ ಲೆಕ್ಕದಲ್ಲಿ ದೋಸೆ ಜಾಸ್ತಿಯೇ ಆಗುತ್ತದೆ. ತಟ್ಟೆ ಮುಂದೆ ಕೂತವನಿಗೆ ಎರಡು ಒಟ್ಟಿಗೆ ಬಿದ್ದು, ಆಮೇಲೆ ಕಾಯುವುದು ಹಾಗೇ ಉಳಿಯುತ್ತದೆ. ಇದಕ್ಕೇ ಮೈಕ್ರೋ ಸ್ಟಟರ್ ಅನ್ನುತ್ತಾರೆ. ಬೆಂಚ್‌ಮಾರ್ಕ್‌ನ ಸರಾಸರಿ ನಂಬರ್ ಮಾತ್ರ ನೋಡುವವರಿಗೆ ಇದು ಸಿಗುವುದೇ ಇಲ್ಲ. ಕಾರ್ಡ್ ಬಗ್ಗೆ ಯಾರಾದರೂ ಬರೀ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಹೇಳಿದರೆ ನಾನು ಈಗ ಫ್ರೇಮ್ ಟೈಮ್ ಕೇಳುತ್ತೇನೆ.

ಆಮೇಲೆ ಸೈಬರ್‌ಪಂಕ್. ಎರಡನೇ ಕಾರ್ಡ್ ಸುಮ್ಮನೆ ಕೂತಿತ್ತು. ಬಳಕೆ ಸೊನ್ನೆ. ಫ್ರೇಮ್ ರೇಟ್ 45 ಕೂಡ ಬರಲಿಲ್ಲ, ಯಾಕೆಂದರೆ ಉಸಿರುಗಟ್ಟಿದ ಮೇಲಿನ ಕಾರ್ಡ್ ಒಂದೇ ಎಲ್ಲ ಕೆಲಸ ಮಾಡುತ್ತಿತ್ತು. ಎಲ್ಡನ್ ರಿಂಗ್‌ನಲ್ಲೂ ಎರಡನೆಯದಕ್ಕೆ ಕೆಲಸ ಇಲ್ಲ. ಅದು 60 ಫ್ರೇಮ್‌ಗೆ ಮಿತಿ ಹಾಕಿದ ಆಟ ಬೇರೆ. ನನ್ನ ಹತ್ತಿರ ಇದ್ದ ಆಟಗಳನ್ನು ಒಂದೊಂದಾಗಿ ಹಾಕಿ ನೋಡಿದೆ. 2018ರ ಈಚಿನವುಗಳಲ್ಲಿ ಹೆಚ್ಚಿನವು ಒಂದೇ ಕಾರ್ಡ್ ನೋಡುತ್ತವೆ.

ಇದು ಹೀಗೆ ಯಾಕಾಯಿತು ಅನ್ನುವುದು ನನಗೆ ಎಲ್ಲಕ್ಕಿಂತ ಕುತೂಹಲದ ಭಾಗ. ಎಸ್‌ಎಲ್‌ಐ ಮೊದಲು ಬಂದದ್ದು 1998ರಲ್ಲಿ, ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ2 ಕಾರ್ಡ್ ಜೊತೆ. ಪರದೆಯ ಗೆರೆಗಳನ್ನು ಒಂದು ಬಿಟ್ಟು ಒಂದು ಹಂಚಿಕೊಳ್ಳುತ್ತಿದ್ದವು. ಒಂದು ಕಾರ್ಡ್‌ಗೆ 800×600 ಗರಿಷ್ಠ. ಎರಡು ಸೇರಿದರೆ 1024×768. ಆಗ ಒಂದು ಗೆರೆ ಬಿಡಿಸಲು ಪಕ್ಕದ ಗೆರೆಯಲ್ಲಿ ಏನಿದೆ ಅಂತ ತಿಳಿಯಬೇಕಿರಲಿಲ್ಲ. ಹಾಗಾಗಿ ಹಂಚಿಕೆ ಸಲೀಸು. ಆ ಕಂಪನಿಯ ಆಸ್ತಿಯನ್ನು ಎನ್‌ವಿಡಿಯಾ ಕೊಂಡಿತು. 2004ರಲ್ಲಿ ಅದೇ ಹೆಸರನ್ನು ಮತ್ತೆ ತಂದಿತು. ಮುಂದಿನ ವರ್ಷ ಪ್ರತಿಸ್ಪರ್ಧಿ ಎಟಿಐ ಕಡೆಯಿಂದ ಇಂಥದ್ದೇ ಕ್ರಾಸ್‌ಫೈರ್ ಬಂತು. ಹತ್ತು ವರ್ಷ ಚೆನ್ನಾಗೇ ನಡೆಯಿತು.

ಅಷ್ಟರಲ್ಲಿ ಆಟಗಳ ಚಿತ್ರ ಬಿಡಿಸುವ ವಿಧಾನವೇ ಬದಲಾಯಿತು. ಅಂಚುಗಳನ್ನು ನಯ ಮಾಡುವ ಟಿಎಎ ಈಗ ಹಿಂದಿನ ಫ್ರೇಮ್‌ಗಳನ್ನು ಇಟ್ಟುಕೊಂಡು ಈಗಿನದನ್ನು ತಿದ್ದುತ್ತದೆ. ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ 2 ಎಲ್ಲವೂ ಹಾಗೇ. ಎಸ್‌ಎಲ್‌ಐನಲ್ಲಿ ಹಿಂದಿನ ಫ್ರೇಮ್ ಇರುವುದು ಪಕ್ಕದ ಕಾರ್ಡ್‌ನಲ್ಲಿ. ಪ್ರತಿ ಸಲ ಅಲ್ಲಿಂದ ತರಿಸಿಕೊಳ್ಳಬೇಕು, ಬರುವವರೆಗೆ ಕಾಯಬೇಕು. ಕಾದರೆ ಎರಡು ಕಾರ್ಡ್ ಇದ್ದ ಲಾಭ ಹೋಯಿತು. ಮೊದಲೆಲ್ಲ ಡ್ರೈವರ್ ಬರೆಯುವವರೇ ಪ್ರತಿ ಆಟಕ್ಕೂ ಪ್ರೊಫೈಲ್ ಮಾಡಿ ಹೇಗೋ ನಿಭಾಯಿಸುತ್ತಿದ್ದರು. ಡೈರೆಕ್ಟ್‌ಎಕ್ಸ್ 12, ಅದರಂಥದ್ದೇ ವಲ್ಕನ್ ಬಂದ ಮೇಲೆ ಆ ಜವಾಬ್ದಾರಿ ಆಟ ಮಾಡುವವರ ಮೇಲೆ ಬಿತ್ತು. ಎರಡು ಕಾರ್ಡ್ ಇಟ್ಟುಕೊಂಡ ಕೆಲವೇ ಜನರಿಗಾಗಿ ಅಷ್ಟು ಕೆಲಸ ಮಾಡಲು ಯಾರು ಮುಂದೆ ಬರುತ್ತಾರೆ, ಅಲ್ವಾ? 2021ರ ಜನವರಿ 1ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ ಮಾಡುವುದನ್ನು ಎನ್‌ವಿಡಿಯಾ ನಿಲ್ಲಿಸಿತು. 30 ಸರಣಿಯಲ್ಲಿ 3090 ಮತ್ತು 3090 ಟಿಐಗೆ ಮಾತ್ರ ಜೋಡಿಸುವ ಕೊಂಡಿ ಉಳಿದಿತ್ತು. 2022ರ 4090ರಲ್ಲಿ ಅದೂ ಇಲ್ಲ.

ಇನ್ನು ಬಿಸಿಯ ವಿಷಯ. ಎರಡು ಕಾರ್ಡ್ 500 ವ್ಯಾಟ್, ಪ್ರೊಸೆಸರ್ ಸುಮಾರು 100, ಉಳಿದದ್ದು 50. ಎಸ್‌ಎಂಪಿಎಸ್‌ನಲ್ಲಿ ಸೋರುವುದೂ ಸೇರಿದರೆ ಗೋಡೆಯ ಪ್ಲಗ್‌ನಿಂದ 700 ವ್ಯಾಟ್ ಮೇಲೆ. ನನ್ನ ಯುಪಿಎಸ್ 1,100 ವಿಎ, ಅಂದರೆ 660 ವ್ಯಾಟ್. ಆಟ ಜೋರಾದ ಕೂಡಲೇ ಓವರ್‌ಲೋಡ್ ಅಂತ ಬಡಿದುಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಕರೆಂಟು ಹೇಳದೆ ಹೋಗುತ್ತದೆ. ಆಗ ಯುಪಿಎಸ್ ಹಿಡಿಯಲಾಗದೆ ಇಡೀ ಸಿಸ್ಟಮ್ ಒಮ್ಮೆಲೇ ಆಫ್. ಕರೆಂಟ್ ಬಿಲ್ ಅಷ್ಟು ದೊಡ್ಡ ಹೊರೆಯಲ್ಲ. 250 ವ್ಯಾಟ್ ಜಾಸ್ತಿ ಅಂದರೆ ನಾಲ್ಕು ಗಂಟೆ ಆಟಕ್ಕೆ ಒಂದು ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ತಿಂಗಳಿಗೆ 210. ಆದರೆ ಮುಚ್ಚಿದ ರೂಮಿನಲ್ಲಿ 700 ವ್ಯಾಟ್ ಪೂರ್ತಿ ಬಿಸಿಯಾಗಿಯೇ ಹೊರಬರುತ್ತದೆ. ಅಮ್ಮ ಬಾಗಿಲಲ್ಲೇ ನಿಂತು "ಏನೋ ಇದು ಈ ಪರಿ ಧಗೆ! ಕಿಟಕಿನಾದ್ರೂ ತೆಗಿಯೋ" ಅಂದರು. ಕಿಟಕಿ ತೆಗೆದೇ ಇತ್ತು. ಮೇಲಿನ ಕಾರ್ಡ್ 84 ಮುಟ್ಟಿ, ವೇಗ 1,750ಕ್ಕೆ ಇಳಿಸಿಕೊಂಡು ಕೂತಿತ್ತು. ಇಬ್ಬರೂ ಒಂದೇ ವೇಗದಲ್ಲಿ ನಡೆಯಬೇಕಾದ್ದರಿಂದ ತಣ್ಣಗಿದ್ದ ಕೆಳಗಿನ ಕಾರ್ಡ್ ಮೇಲಿನದಕ್ಕಾಗಿ ಕಾಯುತ್ತಿತ್ತು. ಜೋಡಿ ಇಟ್ಟುಕೊಂಡು ಓವರ್‌ಕ್ಲಾಕ್ ಮಾಡುವ ಮಾತು ಈ ರೂಮಿನಲ್ಲಿ ಸಾಧ್ಯವೇ ಇಲ್ಲ.

ಹಾಗಾದರೆ ಉಲ್ಟಾ ಮಾಡಿ ನೋಡೋಣ ಅನಿಸಿತು. ವೋಲ್ಟೇಜ್ ಏರಿಸುವ ಬದಲು ಇಳಿಸಿದರೆ? ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಒಂದು ಗ್ರಾಫ್ ತೆರೆಯುತ್ತದೆ. ಎಷ್ಟು ವೋಲ್ಟ್‌ಗೆ ಎಷ್ಟು ವೇಗ ಅನ್ನುವ ಗೆರೆ. 0.925 ವೋಲ್ಟ್ ಇರುವ ಚುಕ್ಕಿಯನ್ನು ಮೇಲೆತ್ತಿ 1,898 ಮೆಗಾಹರ್ಟ್ಜ್‌ಗೆ ಇಟ್ಟೆ. ಅದರಾಚೆಗಿನ ಚುಕ್ಕಿಗಳೆಲ್ಲ ಅದೇ ಎತ್ತರದಲ್ಲಿ ಸಪಾಟು. ಅಂದರೆ ಕಾರ್ಡ್ 0.925 ವೋಲ್ಟ್ ಮೇಲೆ ಹೋಗುವುದೇ ಇಲ್ಲ.

ಇದರ ಹಿಂದಿನ ಲೆಕ್ಕ ಚಂದ ಇದೆ. ಚಿಪ್ ಎಳೆಯುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊದಲು 1.062 ವೋಲ್ಟ್‌ನಲ್ಲಿ ಓಡುತ್ತಿದ್ದದ್ದು 0.925ಕ್ಕೆ ಬಂದರೆ ವೋಲ್ಟೇಜ್ ಇಳಿದದ್ದು 13 ಪರ್ಸೆಂಟ್ ಅಷ್ಟೇ. ವಿದ್ಯುತ್ತು ಮಾತ್ರ ಹತ್ತಿರ ಹತ್ತಿರ ಕಾಲು ಭಾಗ ಉಳಿತಾಯ ಆಗುತ್ತದೆ. ಓವರ್‌ಕ್ಲಾಕ್‌ನ ಕೊನೆಯ 100 ಮೆಗಾಹರ್ಟ್ಜ್‌ಗೆ ನಾವು ಎಷ್ಟು ದೊಡ್ಡ ಬೆಲೆ ಕೊಡುತ್ತೇವೆ ಅನ್ನುವುದು ಇದರಲ್ಲೇ ಕಾಣುತ್ತದೆ.

ಜೋಡಿಯಲ್ಲಿ ಇದು ಮೇಲಿನ ಕಾರ್ಡನ್ನು 78ಕ್ಕೆ ತಂದಿತು, ಯುಪಿಎಸ್ ಬಾಯಿ ಮುಚ್ಚಿತು. ಮೈಕ್ರೋ ಸ್ಟಟರ್ ಹೋಗಲಿಲ್ಲ, ಅದು ವೋಲ್ಟೇಜಿಗೆ ಸಂಬಂಧಿಸಿದ್ದಲ್ಲ. ಸೈಬರ್‌ಪಂಕ್‌ನಲ್ಲಿ ಎರಡನೇ ಕಾರ್ಡ್ ಏಳಲೂ ಇಲ್ಲ. ಬ್ರಿಜ್ ತೆಗೆದು, ಕೆಳಗಿನ ಕಾರ್ಡ್ ತೆಗೆದು, ನನ್ನ ಒಂದೇ ಕಾರ್ಡ್‌ಗೆ ಅದೇ ಸೆಟ್ಟಿಂಗ್ ಉಳಿಸಿಕೊಂಡೆ. ಕೋರ್ 0.925 ವೋಲ್ಟ್‌ಗೆ 1,898, ಮೆಮೊರಿ ಮಾತ್ರ ಮೊದಲು ಸಿಕ್ಕಿದ್ದ 450 ಏರಿಕೆಯಲ್ಲೇ. ಟೂಂಬ್ ರೇಡರ್‌ನಲ್ಲಿ 83. ಪೂರ್ತಿ ಓವರ್‌ಕ್ಲಾಕ್‌ಗಿಂತ ಮೂರು ಫ್ರೇಮ್ ಕಡಿಮೆ. ಎಳೆಯುವುದು 205ರಿಂದ 210 ವ್ಯಾಟ್. ಬಿಸಿ 68. ಇನ್ನೂ ಮುಖ್ಯವಾದದ್ದು, ಎರಡು ಗಂಟೆ ಆಡಿದರೂ 1,898 ಅನ್ನುವುದು ಒಂದೆರಡು ಮೆಟ್ಟಿಲಿಗಿಂತ ಕೆಳಗೆ ಬರಲಿಲ್ಲ. ಫ್ರೇಮ್ ಟೈಮ್ ಗೆರೆ ನಾನು ಅಲ್ಲಿಯವರೆಗೆ ನೋಡಿದ್ದರಲ್ಲೇ ಸಪಾಟು. ಸೈಬರ್‌ಪಂಕ್‌ಗೆ ಎಫ್‌ಎಸ್‌ಆರ್ 2 ಹಾಕಿಕೊಂಡೆ, ಅದಕ್ಕೆ ಆರ್‌ಟಿಎಕ್ಸ್ ಕಾರ್ಡ್ ಬೇಕಿಲ್ಲ. 60 ದಾಟಿತು. ಎರಡನೇ ಕಾರ್ಡ್ ಕೊಡಲಾಗದ್ದನ್ನು ಆ ಒಂದು ಮೆನು ಆಯ್ಕೆ ಕೊಟ್ಟಿತು.

ಕಾರ್ಡ್ ವಾಪಸ್ ಕೊಡಲು ಹದಡಿ ರಸ್ತೆಗೆ ಹೋದೆ. ಗೆಳೆಯನಿಗೆ ಸ್ವಲ್ಪ ಬೇಜಾರಾಯಿತು. "ಹಂಗಾದ್ರೆ ಇದನ್ನ ಯಾರಿಗಾದ್ರೂ ಮಾರ್ಲಾ?" ಅಂತ ಕೇಳಿದ.

"ಮಾರಬ್ಯಾಡ, ನಿನ್ನ ಸಿಸ್ಟಮ್‌ನಾಗೆ ಹಾಕು" ಅಂದೆ.

ಅವನು ಕೆಲಸ ಮಾಡುವುದು ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ. ಅಲ್ಲಿ ಎಸ್‌ಎಲ್‌ಐ ಬೇಡ, ಬ್ರಿಜ್ ಬೇಡ, ಎರಡೂ ಒಂದೇ ಮಾಡೆಲ್ ಆಗಬೇಕಂತಲೂ ಇಲ್ಲ. ಒಂದು ಮನೆಯ ಚಿತ್ರವನ್ನು ಅದರೊಳಗಿನ ಸೈಕಲ್ಸ್ ಅನ್ನುವ ಭಾಗ ರೆಂಡರ್ ಮಾಡುವಾಗ (ಬಿಡಿಸುವಾಗ) ಅದು ಸಾವಿರಾರು ಸಣ್ಣ ಲೆಕ್ಕಗಳಾಗಿ ಒಡೆಯುತ್ತದೆ. ಒಂದಕ್ಕೊಂದು ಕಾಯಬೇಕಿಲ್ಲ. ವೂಡೂ2 ಕಾಲದ ಗೆರೆಗಳ ಹಾಗೇ ಇಲ್ಲೂ ಪಾಲು ಮಾಡಿ ಕೊಟ್ಟರೆ ಆಯಿತು. 3060 ಮೊದಲ ಸ್ಲಾಟ್‌ನಲ್ಲಿ, 1080 ಟಿಐ ಎರಡನೆಯದರಲ್ಲಿ ಕೂರಿಸಿದೆವು. ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್ ತೆರೆದು ಎರಡಕ್ಕೂ ಟಿಕ್ ಹಾಕಿದೆ. ವಿದ್ಯಾನಗರದ ಯಾರದೋ ಎರಡಂತಸ್ತಿನ ಮನೆಯ ಎಲಿವೇಷನ್ ತೆರೆದಿತ್ತು. ಅದನ್ನೇ ಓಡಿಸಿದೆವು. ಹೊಸ ಕಾರ್ಡ್ ಒಂದೇ ಮಾಡುತ್ತಿದ್ದದ್ದಕ್ಕಿಂತ ಬೇಗ ಮುಗಿಯಿತು, ವ್ಯತ್ಯಾಸ ಗಡಿಯಾರ ನೋಡದೆಯೂ ಗೊತ್ತಾಗುವಷ್ಟಿತ್ತು. ಅವನ 1080 ಟಿಐಗೂ ಅದೇ 0.925 ವೋಲ್ಟ್ ಸೆಟ್ಟಿಂಗ್ ಹಾಕಿದೆ. ಅವನ ಚಿಪ್ ನನ್ನದಕ್ಕಿಂತ ಸ್ವಲ್ಪ ಕಮ್ಮಿ, 1,873ಕ್ಕೆ ಮಾತ್ರ ನಿಂತಿತು. ಒಂದೇ ಮಾಡೆಲ್ ಆದರೂ ಪ್ರತಿ ಚಿಪ್‌ನ ಮಿತಿ ಬೇರೆ, ನನ್ನ ನಂಬರನ್ನು ಯಾರೂ ಹಾಗೇ ಎತ್ತಿ ಹಾಕಿಕೊಳ್ಳಬೇಡಿ. 1,850ರಿಂದ ಶುರು ಮಾಡಿ, 13ರ ಒಂದೊಂದೇ ಮೆಟ್ಟಿಲು ಏರಿ, ನಿಮ್ಮ ರೂಮು ಪೂರ್ತಿ ಕಾದಿರುವ ಹೊತ್ತಿನಲ್ಲೇ ಪರೀಕ್ಷೆ ಮಾಡಿ.